ಕಾವು ಪೆಟ್ಟಿಗೆಯ ಕರೆಂಟು

ಬೆಳಿಗ್ಗೆ ಅಮ್ಮ ಹಿಂದಿನ ಕೋಣೆಯ ಬಾಗಿಲು ತೆಗೆದಾಗ ಕೋಳಿಮೊಟ್ಟೆಗಳನ್ನಿಟ್ಟಿದ್ದ ಕಾವು ಪೆಟ್ಟಿಗೆ ತಣ್ಣಗಿತ್ತು. ಒಳಗಿನ ಬಲ್ಬುಗಳು ಆರಿದ್ದವು. ಸದಾ ಗುಂಯ್ ಎನ್ನುತ್ತಿದ್ದ ಪುಟ್ಟ ಫ್ಯಾನು ನಿಂತಿತ್ತು. ಗಾಜಿನ ಕಿಂಡಿಯ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ನಿಂತವಳು, "ಅಯ್ಯೋ, ಹೋಯ್ತಲ್ಲಪ್ಪಾ!" ಎಂದಳು. ಜೋರಾಗೇನೂ ಅನ್ನಲಿಲ್ಲ. ಆದರೆ ಆ ಮನೆ ಎಷ್ಟು ಚಿಕ್ಕದೆಂದರೆ ಒಬ್ಬರು ನಿಟ್ಟುಸಿರು ಬಿಟ್ಟರೆ ಉಳಿದ ನಾಲ್ವರಿಗೂ ಕೇಳಿಸುತ್ತಿತ್ತು.

ಎಲ್ಲರೂ ಎದ್ದು ಬಂದರು. ಬಂದವರು ಮೊದಲು ನೋಡಿದ್ದು ಪೆಟ್ಟಿಗೆಯನ್ನಲ್ಲ, ನಡುಮನೆಯ ಗೋಡೆಯ ಬೋರ್ಡನ್ನು. ಬೋರ್ಡಿಗೆ ಬೇರೆಯೇ ಸಣ್ಣ ಸೆಲ್ಲಿತ್ತು, ಹಾಗಾಗಿ ಅದೊಂದು ಮಾತ್ರ ಎಚ್ಚರವಾಗಿತ್ತು. ಅದರಲ್ಲಿ ಕೆಂಪಗೆ ಐವತ್ತೆರಡು ಎಂದಿತ್ತು. ಬ್ಯಾಟರಿಯಲ್ಲಿ ನೂರಕ್ಕೆ ಐವತ್ತೆರಡು ಪಾಲು ಇನ್ನೂ ಉಳಿದಿದೆ ಎಂದು ಅದರ ಅರ್ಥ. ಅಪ್ಪ ದೀಪದ ಸ್ವಿಚ್ಚು ಒತ್ತಿದ, ಹತ್ತಲಿಲ್ಲ. ಫ್ಯಾನು ಹಾಕಿದ, ತಿರುಗಲಿಲ್ಲ.

"ಅರ್ಧ ಹೊಟ್ಟೆ ತುಂಬಿದೆ ಅಂತ ಬೋರ್ಡು ಹೇಳುತ್ತೆ, ಬ್ಯಾಟರಿ ನೋಡಿದ್ರೆ ಉಪವಾಸ ಬಿದ್ದಿದೆ," ಎಂದ ತಾತ. "ಏನೇ ಇಂಜಿನಿಯರಮ್ಮ, ನಿನ್ನ ಯಂತ್ರ ಸುಳ್ಳು ಹೇಳೋದು ಯಾವಾಗ ಕಲೀತು?"

ಇಂಜಿನಿಯರಮ್ಮ ಎಂದರೆ ದೊಡ್ಡ ಮಗಳು. ಅವಳೇನೂ ಇಂಜಿನಿಯರಲ್ಲ, ಕೆಟ್ಟ ಮೀಟರುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಳು. ಬೀದಿಯ ಲೈನಿನಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂಬಂತಾದ ಮೇಲೆ ಅಪ್ಪ ಮಹಡಿಯ ಮೇಲೆ ಸೋಲಾರ್ ಹಾಕಿಸಿ ಮೆಟ್ಟಿಲ ಕೆಳಗೆ ಬ್ಯಾಟರಿ ಇರಿಸಿದ್ದ. ಬ್ಯಾಟರಿಗೆ ಬರುವ ತಂತಿಗೊಂದು, ಅಲ್ಲಿಂದ ಹೋಗುವ ತಂತಿಗೊಂದು ಸೆನ್ಸರ್ ಜೋಡಿಸಿ, ಬಂದ ಕರೆಂಟೆಷ್ಟು, ಹೋದ ಕರೆಂಟೆಷ್ಟು ಎಂದು ಅಳೆದು, ಆ ಲೆಕ್ಕವನ್ನೂ ಉಳಿದದ್ದನ್ನೂ ಬೋರ್ಡಿನಲ್ಲಿ ತೋರಿಸುವ ಕೋಡ್ ಬರೆದವಳು ಇವಳು. ಬರೆದ ದಿನ ಮನೆಯವರೆಲ್ಲ ಬೆನ್ನು ತಟ್ಟಿದ್ದರು. ಈಗ ಎಲ್ಲರೂ ಅವಳ ಮುಖ ನೋಡುತ್ತಿದ್ದರು.

"ಯಾರೋ ಒಂದೇ ಸಲಕ್ಕೆ ಜೋರಾಗಿ ಎಳೆದಿದ್ದೀರ," ಎಂದಳು ಅವಳು. "ಹಂಗೆ ಎಳೆದ್ರೆ ಬ್ಯಾಟರಿ ಕುಸಿಯುತ್ತೆ, ಬೋರ್ಡಿಗೆ ಗೊತ್ತಾಗಲ್ಲ."

"ನನ್ನನ್ಯಾಕೆ ನೋಡ್ತೀರ?" ಎಂದಳು ಚಿಕ್ಕವಳು. ಅವಳು ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಚೀಟಿ ಕೊಟ್ಟು ಕೂರಿಸುವ ಕೆಲಸದವಳು. ನಾಲಿಗೆಯ ದೆಸೆಯಿಂದ ಮನೆಯಲ್ಲಿ ಮೆಣಸು ಎಂದೇ ಹೆಸರು. "ಇಸ್ತ್ರಿ ಹಾಕಿದ್ದು ಸಂಜೆ. ಅದೂ ಒಂದೇ ಒಂದು ಜೊತೆ."

"ನಿನ್ನ ಹೆಸರು ಯಾರೆತ್ತಿದ್ರು? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?" ಎಂದ ತಾತ.

"ತಾತ, ನಿಮ್ಮ ಫ್ಯಾನು ರಾತ್ರಿಯೆಲ್ಲ ತಿರುಗಲ್ವಾ? ನಿಮ್ಮ ರೇಡಿಯೋ?"

"ನನ್ನ ಫ್ಯಾನಾ! ತಾನು ತಿರುಗ್ತಾ ಇದ್ದೀನೋ ಇಲ್ವೋ ಅಂತ ಅದಕ್ಕೇ ಅನುಮಾನ."

"ಸಾಕು ಮಾಡಿ," ಎಂದ ಅಪ್ಪ, ಬಸ್ಸಿನ ಡ್ರೈವರು. ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಚಪ್ಪಲಿ ಹುಡುಕುತ್ತಿದ್ದ. "ಬೆಳಿಗ್ಗೆ ಬೆಳಿಗ್ಗೆ ತಲೆ ತಿನ್ನಬೇಡಿ. ದಿನಪೂರ್ತಿ ಹಾರ್ನ್ ಕೇಳೋದಿದ್ದೇ ಇದೆ."

ಇಷ್ಟು ಮಾತು ಆಗುವಷ್ಟರಲ್ಲಿ ಅಮ್ಮ ಒಲೆಯ ಮೇಲೆ ನೀರಿಟ್ಟು, ಕಾದ ನೀರನ್ನು ಬಾಟಲಿಗಳಿಗೆ ತುಂಬಿ, ಬಟ್ಟೆ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟಿದ್ದಳು. ಮೇಲೆ ಎರಡು ಕಂಬಳಿ ಹೊದಿಸಿದ್ದಳು. ಕಂಬಳಿ ಹಿಡಿದುಕೊಳ್ಳಲು ಯಾರನ್ನೂ ಕರೆಯಲಿಲ್ಲ. ಕರೆದು ಕರೆದು ಬಿಟ್ಟಿದ್ದಳು.

ಆ ಕಾವು ಸಾಕಾಗಲಿಲ್ಲ. ಮರಿ ಹೊರಬರಬೇಕಾದ ದಿನ ಬೆರಳೆಣಿಕೆಯಷ್ಟು ಮೊಟ್ಟೆ ಒಡೆದವು. ಅದರಲ್ಲೂ ಕೆಲವಕ್ಕೆ ಕಾಲೂರಲು ತ್ರಾಣವಿರಲಿಲ್ಲ. ಉಳಿದದ್ದನ್ನು ಅಮ್ಮ ಬಕೆಟ್ಟಿನಲ್ಲಿ ತುಂಬಿ ಹಿತ್ತಲಿಗೆ ಒಯ್ದು ಗುಂಡಿ ತೋಡಿ ಮುಚ್ಚಿದಳು. ಮರಿ ಒಯ್ಯಲು ಬುಟ್ಟಿಗಳನ್ನು ತಂದಿದ್ದ ಕೋಳಿ ಸಾಕುವವನು ಖಾಲಿ ಬುಟ್ಟಿಗಳನ್ನೇ ಗಾಡಿಗೆ ಏರಿಸಿದ.

"ಅಕ್ಕಾ, ಶೆಡ್ಡು ತೊಳೆದು ಕಾಯ್ತಾ ಕೂತಿದ್ದೆ. ಬೇಜಾರು ಮಾಡ್ಕೋಬೇಡಿ, ಮುಂದಿನ ಸಲಾನೂ ಹಿಂಗಾದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ."

"ಆಗಲ್ಲಪ್ಪ, ಮುಂದಿನ ಸಲ ಹಿಂಗಾಗಲ್ಲ," ಎಂದಳು ಅಮ್ಮ. ಯಾವ ಧೈರ್ಯದ ಮೇಲೆ ಹಾಗೆಂದಳೋ ಅವಳಿಗೇ ಗೊತ್ತಿರಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದ. "ಇನ್ನೊಂದು ಸಲ ಮೊಟ್ಟೆ ಇಟ್ಟು ನೋಡು. ಅದೂ ಕೈಕೊಟ್ರೆ ಪೆಟ್ಟಿಗೆ ಯಾರಿಗಾದ್ರೂ ಮಾರಿಬಿಡೋಣ."

"ಮಾರಿ?"

"ಮಾರಿ ಆರಾಮಾಗಿರು. ನಿನಗೂ ವಯಸ್ಸಾಯ್ತು."

"ಆರಾಮಾಗಿ ಏನ್ ಮಾಡ್ಲಿ, ರೀ? ನಿಮ್ಮೆಲ್ಲರ ತಟ್ಟೆ ತೊಳೆದು ಒರೆಸಿ ಮತ್ತೆ ತೊಳೀತಾ ಕೂರ್ಲಾ?" ಪಲ್ಯದ ಸೌಟು ಅವಳ ಕೈಯಲ್ಲಿ ಹಾಗೇ ನಿಂತಿತು. "ಮೆಣಸು ಓದಿದ್ದು ಯಾವುದರಿಂದ? ಮಾವನ ಕಣ್ಣಿನ ಆಪರೇಷನ್ ಆಗಿದ್ದು ಯಾವುದರಿಂದ? ಆ ಪೆಟ್ಟಿಗೆ ಒಂದೇ ಕಣ್ರೀ ಈ ಮನೇಲಿ ನಂದು ಅಂತ ಇರೋದು."

ಅಮ್ಮ ಎಲ್ಲರಿಗೂ ಇನ್ನೊಂದು ಸುತ್ತು ಬಡಿಸಿ, ಮೊಟ್ಟೆಯ ತಟ್ಟೆಗಳನ್ನು ತೊಳೆದು ಒಣಗಲಿಟ್ಟು, ಆಮೇಲೆ ತಾನು ತಟ್ಟೆ ಹಿಡಿದು ಕೋಣೆಯ ಹೊಸಲಿನ ಮೇಲೆ ಕೂತಳು. ಪೆಟ್ಟಿಗೆಯ ಒಳಗಿನ ಉಷ್ಣಮಾಪಕ ಅಲ್ಲಿಂದ ಕಾಣುತ್ತಿತ್ತು. ಅವಳು ಉಣ್ಣುವ ಹೊತ್ತಿಗೆ ಅನ್ನ ಯಾವಾಗಲೂ ಆರಿರುತ್ತಿತ್ತು. ಅದೇನೂ ಹೊಸದಲ್ಲ, ಆ ಮನೆಯಲ್ಲಿ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ.

ಹೊಸ ಮೊಟ್ಟೆಗಳು ಬಂದವು. ಅವುಗಳ ಜೊತೆಗೆ ಕಟ್ಟುಪಾಡುಗಳೂ ಬಂದವು. ಬಿಸಿಲಿಳಿದ ಮೇಲೆ ಇಸ್ತ್ರಿ ಮುಟ್ಟುವಂತಿಲ್ಲ ಎಂದ ಅಪ್ಪ. ತಾತನ ಫ್ಯಾನು ಮಧ್ಯಾಹ್ನ ಮಾತ್ರ. ತಾನೂ ಕರೆಂಟಿನ ಬಿಸಿನೀರು ಬಿಟ್ಟು ತಣ್ಣೀರು ಸುರಿದುಕೊಳ್ಳುವುದಾಗಿ ಘೋಷಿಸಿದ, ಮಾರನೆಯ ದಿನದಿಂದ ಬಚ್ಚಲಿನಿಂದ "ಹ್ಹಹ್ಹಹ್ಹಾ" ಎಂಬ ಸದ್ದು ಬರತೊಡಗಿತು. ಮೆಣಸು ಮುದುಡಿದ ಅಂಗಿ ಹಾಕಿಕೊಂಡು ಹೋಗಿ, "ಮಲಗಿದ್ದವಳು ಹಂಗೇ ಎದ್ದು ಬಂದ್ಯೇನಮ್ಮ?" ಎಂದು ಡಾಕ್ಟರಿಂದ ಕೇಳಿಸಿಕೊಂಡು ಬಂದಳು. ತಾತ ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ ಕಪಾಟಿನೊಳಗಿಟ್ಟ.

"ತಗೊಳ್ಳಿ, ಇದಕ್ಕೂ ಒಂದು ಸಮಾಧಿ ಕಟ್ಟಿ," ಎಂದ.

ಮನೆಯೆಲ್ಲ ಸುಸ್ತಾಗಿ ಹೋಯಿತು. ಸುಸ್ತಾದವರಿಗೆ ಜಗಳವಾಡಲೂ ತ್ರಾಣ ಬೇಕು, ಆದರೆ ಜಗಳಕ್ಕೆ ಮಾತ್ರ ಎಲ್ಲಿಂದಲೋ ಬಂದುಬಿಡುತ್ತಿತ್ತು. ದೊಡ್ಡವಳು ದಿನವಿಡೀ ಬೇರೆಯವರ ಮೀಟರು ಬಿಚ್ಚಿ, ಸಂಜೆ ಬಂದು ತನ್ನ ಕೋಡ್ ಎದುರು ಕೂರುತ್ತಿದ್ದಳು. ಸಾಲು ಸಾಲಾಗಿ ಓದಿದಳು. ಹೋಗುವ ತಂತಿಯ ಸೆನ್ಸರ್ ಕೆಟ್ಟಿರಬೇಕೆಂದು ಹೊಸದನ್ನು ಕೂರಿಸಿದಳು. ಹಳೆಯ ಸೆನ್ಸರ್‌ಗೆ ಕೋಡಿನಲ್ಲಿ ಬರೆದಿದ್ದ ಅಳತೆಗಳನ್ನೇ ಅದಕ್ಕೂ ಉಣಿಸಿದಳು, ಒಂದೇ ಜಾತಿಯ ಸೆನ್ಸರಲ್ಲವೇ ಎಂದು. ಬ್ಯಾಟರಿಗೆ ವಯಸ್ಸಾಗಿದೆಯೇನೋ ಎಂದಳು. ಕೊಂಡು ಎರಡು ವರ್ಷವೂ ಆಗಿಲ್ಲ, ಬಾಯಿ ಮುಚ್ಚು ಎಂದ ಅಪ್ಪ.

ಹೀಗಿರುವಾಗ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಂತೆಯೇ ದೀಪ ಹೋಯಿತು. ಬೋರ್ಡಿನಲ್ಲಿ ನಲವತ್ತೇಳು ಎಂದಿತ್ತು.

ಈ ಸಲ ಎಲ್ಲರೂ ಎದ್ದರು. ಒಬ್ಬರು ನೀರು ಕಾಯಿಸಿದರು, ಒಬ್ಬರು ಬಾಟಲಿ ತುಂಬಿದರು. ತಾತ ತನ್ನ ಹಾಸಿಗೆಯ ಕಂಬಳಿಯನ್ನೇ ಕಿತ್ತು ತಂದ. ಅಪ್ಪ ಬಸ್ ಡಿಪೋದ ಗೆಳೆಯನೊಬ್ಬನನ್ನು ಎಬ್ಬಿಸಿ ಅವನಿಂದ ಒಂದು ಹಳೆಯ ಬ್ಯಾಟರಿ ಎರವಲು ತಂದು ಬೆಳಗಾಗುವವರೆಗೆ ಪೆಟ್ಟಿಗೆಗೆ ಜೋಡಿಸಿದ. ಮೊಟ್ಟೆಗಳು ಉಳಿದವು. ಆದರೆ ಮತ್ತೆ ಊಟಕ್ಕೆ ಕೂತಾಗ ಮೆಣಸು ಬಾಯಿ ತಪ್ಪಿ ಒಂದು ಮಾತು ಆಡಿಬಿಟ್ಟಳು.

"ನಾವೆಲ್ಲ ಏನೂ ಹಾಕಿಲ್ಲ ಅಂದ್ಮೇಲೆ ಇನ್ಯಾರು ಹಾಕಿದ್ದು? ರೇಡಿಯೋ ಕಪಾಟಲ್ಲಿದ್ರೂ ಹಾಡುತ್ತೆ ಅಲ್ವಾ, ತಾತ?"

ತಾತ ತಟ್ಟೆಯನ್ನು ಮುಂದಕ್ಕೆ ತಳ್ಳಿ ಕೈ ತೊಳೆದುಕೊಂಡ. ಕತ್ತಲಲ್ಲಿ ಅವನ ದನಿ ಬಂತು. "ಈ ವಯಸ್ಸಲ್ಲಿ ಕಳ್ಳ ಅನ್ನಿಸ್ಕೊಂಡೆ. ಇದೊಂದು ಬಾಕಿ ಇತ್ತು."

ಮಾರನೆಯ ದಿನವೂ ಅವನು ಸರಿಯಾಗಿ ಉಣ್ಣಲಿಲ್ಲ. ಅಮ್ಮ ಬಟ್ಟಲಲ್ಲಿ ಹಾಲು ಬ್ರೆಡ್ಡು ಒಯ್ದು ಕೊಟ್ಟು, "ಮಾವ, ಹುಡುಗಿ ಮಾತು ಮನಸ್ಸಿಗೆ ಹಚ್ಕೋಬೇಡಿ," ಎಂದಳು. "ಹುಡುಗೀದಲ್ಲಮ್ಮ," ಎಂದ ತಾತ, "ಆ ಬೋರ್ಡಿನ ಮಾತು. ಮನುಷ್ಯನ ಮಾತಿಗಿಂತ ಅದರ ಮಾತೇ ಹೆಚ್ಚಾಗಿ ಹೋಯ್ತು ಇಲ್ಲಿ."

ಬಾಗಿಲಲ್ಲಿ ನಿಂತಿದ್ದ ದೊಡ್ಡವಳಿಗೆ ಅದು ಚುರುಕ್ಕೆಂದಿತು. ತನ್ನ ಕೋಡನ್ನು ತಾನೇ ಅನುಮಾನಿಸಬೇಕಾದ ಕಾಲ ಬಂದಿತ್ತು. ವರ್ಕ್‌ಶಾಪಿನಿಂದ ಕ್ಲಾಂಪ್ ಮೀಟರು ಕೇಳಿ ತಂದಳು. ತಂತಿಯನ್ನು ಕತ್ತರಿಸದೆ, ಸುಮ್ಮನೆ ಅದಕ್ಕೆ ಕಚ್ಚಿಸಿದರೆ ಹರಿಯುವ ಕರೆಂಟೆಷ್ಟೆಂದು ಹೇಳುವ ಮೀಟರು ಅದು.

ರಜೆಯ ದಿನ ಮಧ್ಯಾಹ್ನ ಅವಳು ಮೇನ್ ಸ್ವಿಚ್ಚನ್ನು ಇಳಿಸಿ ಮೆಟ್ಟಿಲ ಕೆಳಗೆ ತೂರಿಕೊಂಡಳು. "ಬೋರ್ಡಲ್ಲಿ ಹೊರಗೆ ಹೋಗ್ತಿರೋದು ಎಷ್ಟಿದೆ ನೋಡೇ!" ಎಂದು ಕೂಗಿದಳು.

"ಸೊನ್ನೆ," ಎಂದಳು ಮೆಣಸು.

ಕ್ಲಾಂಪ್ ಮೀಟರು ಮೂರೂವರೆ ಆಂಪಿಯರ್ ಎನ್ನುತ್ತಿತ್ತು. ಬಿಚ್ಚಿ ಮತ್ತೆ ಕಚ್ಚಿಸಿದಳು. ಮೂರೂವರೆ. ಬ್ಯಾಟರಿಯಿಂದ ಹೊರಟ ದಪ್ಪ ತಂತಿ ಸ್ವಲ್ಪ ಮುಂದೆ ಎರಡಾಗುತ್ತಿತ್ತು. ಮನೆಗೆ ಹೋಗುವ ತಂತಿಗೆ ಕಚ್ಚಿಸಿದರೆ ಏನೂ ಇಲ್ಲ. ಇನ್ನೊಂದು, ಗೋಡೆಯ ಬುಡದಲ್ಲಿ ಧೂಳು ಹಿಡಿದು ಹಿಂದಿನ ಕೋಣೆಗೆ ಹೋಗುತ್ತಿದ್ದ ಕೆಂಪು ತಂತಿ. ಅದಕ್ಕೆ ಕಚ್ಚಿಸಿದಳು. ಮೂರೂವರೆ. ದೊಡ್ಡವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಆಮೇಲೆ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸೇರಿದಾಗ ಕೇಳಿದಳು. "ಬೋರ್ಡು ಹಾಕಿದ ದಿನ, ಸೊನ್ನೆ ಎಲ್ಲಿದೆ ಅಂತ ಸೆನ್ಸರ್‌ಗೆ ತೋರಿಸಬೇಕು, ಎಲ್ಲಾ ಆರಿಸಿ ಅಂದಿದ್ದೆ. ನೆನಪಿದೆಯಾ?"

"ಆರಿಸಿದ್ವಲ್ಲ!" ಎಂದಳು ಮೆಣಸು. "ನನ್ನ ಫೋನ್ ಚಾರ್ಜರ್ ಕೂಡ ಕಿತ್ತೆ."

"ನಾನು ಮೇನನ್ನೇ ಇಳಿಸ್ದೆ," ಎಂದ ಅಪ್ಪ.

"ನಾನು ಕೈಗಡಿಯಾರಾನೂ ಬಿಚ್ಚಿಟ್ಟೆ," ಎಂದ ತಾತ. ಎಷ್ಟೋ ದಿನದ ಮೇಲೆ ಅವನ ಬಾಯಲ್ಲಿ ತಮಾಷೆ ಬಂದಿತ್ತು.

"ಪೆಟ್ಟಿಗೆ?"

ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ಮನೆಯ ಮೇನ್ ಹೋದರೂ ಪೆಟ್ಟಿಗೆ ನಿಲ್ಲಬಾರದೆಂದು ಬ್ಯಾಟರಿಯಿಂದ ನೇರವಾಗಿ ಅದಕ್ಕೆ ಬೇರೆ ಲೈನು ಎಳೆದವನು ಅವನೇ. "ಪೆಟ್ಟಿಗೇನ ಹೆಂಗೆ ಆರಿಸೋದು? ಮೊಟ್ಟೆ ಇದ್ವಲ್ಲ," ಎಂದ.

"ನೀನು ಎಲ್ಲಾ ಆರಿಸಿ ಅಂದೆ. ಪೆಟ್ಟಿಗೆ ಆರಿಸಿ ಅನ್ನಲಿಲ್ಲ," ಎಂದಳು ಮೆಣಸು.

"ನನಗೂ ಹೊಳೀಲಿಲ್ಲ ಕಣೇ." ದೊಡ್ಡವಳು ತಟ್ಟೆಯಿಂದ ಕೈ ತೆಗೆದಳು. "ಪೆಟ್ಟಿಗೆ ಎಳೀತಾ ಇದ್ದ ಕರೆಂಟನ್ನೇ ಸೊನ್ನೆ ಅಂತ ಹೇಳಿಕೊಟ್ಟುಬಿಟ್ಟೆ. ಹೊಸ ಸೆನ್ಸರ್‌ಗೂ ಅದೇ ಪಾಠ. ಆವತ್ತು ಚಳಿ ಬೇರೆ, ಬಲ್ಬು ಒಂದು ಸಲಾನೂ ಆರಿರಲಿಲ್ಲ. ಅದು ರಾತ್ರಿ ಹಗಲು ಕುಡೀತಾ ಇದೆ, ಬೋರ್ಡು ಮಾತ್ರ ಅದನ್ನ ಲೆಕ್ಕಕ್ಕೇ ಹಿಡೀತಿಲ್ಲ."

"ಒಂದೊಂದು ಸಲ ಮೈನಸ್ ಅಂತ ತೋರಿಸ್ತಿತ್ತಲ್ಲೇ ಮೊದಮೊದಲು?" ಎಂದ ತಾತ.

"ಹೂಂ. ಒಳಗಿನ ಬಲ್ಬು ಆರಿದಾಗ ಹಂಗೆ ಬರ್ತಿತ್ತು. ನೀವು ದಿನಾ ನಗ್ತೀರ ಅಂತ, ಸೊನ್ನೆಗಿಂತ ಕೆಳಗೆ ಬಂದ್ರೆ ಸೊನ್ನೆ ಅಂತಲೇ ತೋರಿಸು ಅಂತ ಒಂದು ಸಾಲು ಬರೆದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಅದು ನಿಜ ಹೇಳ್ತಿತ್ತು, ನಾನೇ ಬಾಯಿ ಮುಚ್ಚಿಸ್ದೆ. ನಿಮ್ಮ ರೇಡಿಯೋದಲ್ಲೂ ಏನಿಲ್ಲ ತಾತ, ಇವಳ ಇಸ್ತ್ರೀಲೂ ಏನಿಲ್ಲ."

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು," ಎಂದ ತಾತ. ಮೆಣಸು ತಲೆ ತಗ್ಗಿಸಿ ತನ್ನ ತಟ್ಟೆಯಲ್ಲಿದ್ದ ಮೊಸರಿನ ಬಟ್ಟಲನ್ನು ಅವನ ಕಡೆಗೆ ಸರಿಸಿದಳು. ತಾತ ಅದನ್ನು ತೆಗೆದುಕೊಂಡ. ಆ ಮನೆಯಲ್ಲಿ ಕ್ಷಮೆ ಕೇಳುವುದು, ಕೊಡುವುದು ಎರಡೂ ಹಾಗೆಯೇ ನಡೆಯುತ್ತಿತ್ತು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ಎಲ್ಲಾ ಅಂದ್ರೆ ಪೆಟ್ಟಿಗೆ ಬಿಟ್ಟು ಎಲ್ಲಾ," ಎಂದಳು. "ಈ ಮನೇಲಿ ಎಲ್ಲಾ ಅನ್ನೋದು ಹಂಗೇ. ಎಲ್ಲರೂ ಉಂಡಾಯ್ತಾ ಅಂತ ನಿಮ್ಮಪ್ಪ ದಿನಾ ಕೇಳ್ತಾರೆ, ಹೂಂ ಅಂತೀರ ನೀವು. ಆವಾಗ ನಾನಿನ್ನೂ ತಟ್ಟೆ ಮುಟ್ಟಿರಲ್ಲ."

ಅಪ್ಪ ಕೆಮ್ಮಿದ.

"ಈಗ ಏನು ಮಾಡ್ಬೇಕು?" ಎಂದ. "ಆ ಮೂರೂವರೇನ ಕೋಡಿಗೆ ಕೂಡಿಸಿಬಿಟ್ರೆ ಆಯ್ತಲ್ಲ."

"ಒಂದು ಅಂದಾಜಿನ ಮೇಲೆ ಇನ್ನೊಂದು ಅಂದಾಜು ಹೇರೋದಾ? ಸಾಕಪ್ಪ," ಎಂದಳು ದೊಡ್ಡವಳು. "ತಂತೀಲಿ ನಿಜವಾಗಲೂ ಏನೂ ಹರೀದೆ ಇರುವಾಗ ಸೆನ್ಸರ್ ಏನು ಹೇಳುತ್ತೆ ಅಂತ ನೋಡ್ಬೇಕು. ಮೇನ್ ಇಳಿಸಿ, ಪೆಟ್ಟಿಗೇನೂ ಆರಿಸ್ಬೇಕು. ಒಂದು ಹತ್ತು ನಿಮಿಷ." ಆಮೇಲೆ ಅಮ್ಮನ ಮುಖ ನೋಡಿ ಮೆಲ್ಲಗೆ ಸೇರಿಸಿದಳು. "ಬೇಡ ಅಂದ್ರೆ ಮರಿ ಆಗೋವರೆಗೂ ಕಾಯ್ತೀನಿ."

"ಅಲ್ಲೀವರೆಗೆ ಕರೆಂಟು ಕಾಯುತ್ತಾ?" ಎಂದಳು ಅಮ್ಮ.

ಅವಳು ಕೋಣೆಗೆ ಹೋಗಿ ಟಾರ್ಚಿನ ಬೆಳಕಿಗೆ ಮೊಟ್ಟೆಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಮುಕ್ಕಾಲು ಪಾಲಿಗೂ ಹೆಚ್ಚಿನವು ಜೀವ ಹಿಡಿದಿದ್ದವು. ಕೆಂಪು ನರಗಳ ನಡುವೆ ಕಪ್ಪು ಚುಕ್ಕೆಯೊಂದು ಅಲುಗುತ್ತಿತ್ತು. ಎಲ್ಲವನ್ನೂ ಮತ್ತೆ ಜೋಡಿಸಿ, ಮುಚ್ಚಳ ಹಾಕಿ ಹೊರಗೆ ಬಂದಳು.

"ಸಂಜೆ ಮಾಡೋಣ. ಅಡುಗೆ ಆದ ತಕ್ಷಣ."

"ಏನೂ ಆಗಲ್ವಾ ಮೊಟ್ಟೆಗೆ?" ಅಪ್ಪ ಕೇಳಿದ.

"ಕಾವಿಗೆ ಕೂತ ಕೋಳೀನೂ ದಿನಕ್ಕೊಂದು ಸಲ ಎದ್ದು ಹೋಗುತ್ತೆ ಕಣ್ರೀ. ಮೇವು ತಿಂದು, ಮೈ ಕೊಡವಿ ಬರುತ್ತೆ. ಅದಕ್ಕಿರೋ ಬುದ್ಧಿ ನನಗಿರಲಿಲ್ಲ."

ಸಂಜೆ ಒಲೆಯಿಂದ ಪಾತ್ರೆ ಇಳಿದ ಕೂಡಲೇ ಅಪ್ಪ ಮೇನ್ ಇಳಿಸಿದ. ಬೋರ್ಡಿನ ಮುಂದೆ ದೊಡ್ಡವಳು ಲ್ಯಾಪ್‌ಟಾಪ್ ಹಿಡಿದು ಕೂತಳು, ಆ ಬಾಯಿ ಮುಚ್ಚಿಸಿದ ಸಾಲನ್ನು ಮೊದಲೇ ಅಳಿಸಿದ್ದಳು. ತಾತ, ಮೆಣಸು ಅವಳ ಬೆನ್ನ ಹಿಂದೆ ನಿಂತರು. ಅಮ್ಮ ಒಬ್ಬಳೇ ಹಿಂದಿನ ಕೋಣೆಗೆ ಹೋದಳು. ಗುಂಯ್ ಎನ್ನುವ ಸದ್ದು ನಿಂತಿತು. ಅಷ್ಟು ವರ್ಷ ಆ ಸದ್ದಿನೊಳಗೇ ಬಾಳಿದವರಿಗೆ ಮನೆ ಬೇರೆ ಯಾರದೋ ಎಂಬಂತೆ ಅನಿಸಿತು.

"ಮೈನಸ್ ಮೂರೂವರೆ!" ಎಂದು ತಾತ ಬೋರ್ಡು ಓದಿದ. "ಬಂತು ನೋಡು ನಿಜ."

ಅಮ್ಮ ಅಡುಗೆಮನೆಗೆ ಹೋಗಿ ತಟ್ಟೆಗೆ ಅನ್ನ, ಆಲೂಗಡ್ಡೆ ಪಲ್ಯ ಹಾಕಿಕೊಂಡು ಬೀದಿಬಾಗಿಲ ಮೆಟ್ಟಿಲ ಮೇಲೆ ಕೂತಳು. ಎದುರು ಮನೆಯವರ ನಾಯಿ ಬಂದು ಮುಖ ನೋಡಿತು. ಗಾಳಿ ಬೀಸುತ್ತಿತ್ತು. ಪಲ್ಯದಿಂದ ಹಬೆ ಏಳುತ್ತಿತ್ತು, ಅವಳು ಊದಿ ಊದಿ ತಿಂದಳು.

"ಅಮ್ಮಾ, ಆಯ್ತು!" ಒಳಗಿನಿಂದ ದೊಡ್ಡವಳು ಕೂಗಿದಳು. "ಸೊನ್ನೆ ಕೂತಿದೆ. ಪೆಟ್ಟಿಗೆ ಹಾಕಬಹುದು."

"ಹಾಕಿ," ಎಂದಳು ಅಮ್ಮ.

ಒಳಗೆ ಹೆಜ್ಜೆಗಳ ಸದ್ದು. ಆಮೇಲೆ ಗೋಡೆ ತಡಕಾಡುವ ಸದ್ದು.

"ಅಮ್ಮಾ, ಸ್ವಿಚ್ಚೆಲ್ಲಿದೆ?"

"ಅಲ್ಲೇ ಇದೆ."

"ಅಲ್ಲೇ ಅಂದ್ರೆ ಎಲ್ಲೇ?" ಇದು ಅಪ್ಪನ ದನಿ. "ಲೈನ್ ಎಳೆದಿದ್ದು ನಾನು. ಗೋಡೇಲಿ ಇಲ್ವಲ್ಲ!"

"ಗೋಡೇಲಿ ಯಾಕಿರುತ್ತೆ? ಪೆಟ್ಟಿಗೇಲಿದೆ."

ಮೊಬೈಲಿನ ಬೆಳಕು ಕೋಣೆಯ ಗೋಡೆಯ ಮೇಲೆ ಅತ್ತಿತ್ತ ಓಡಾಡಿತು. ನಾಲ್ಕು ಜನ ಒಂದು ಪೆಟ್ಟಿಗೆಯನ್ನು ಸುತ್ತುವರಿದಿದ್ದರು. ಹಿಂದೆ ನೋಡು ಎಂದ ತಾತ. ಹಿಂದೆ ಜೇಡದ ಬಲೆ ಬಿಟ್ಟು ಏನಿಲ್ಲ ಎಂದಳು ಮೆಣಸು. ಏನೋ ಉರುಳಿ ನೀರು ಚೆಲ್ಲಿತು. "ಅಯ್ಯೋ, ಇದ್ಯಾವ ತಟ್ಟೆ?" "ಮೊಟ್ಟೆಗೆ ತೇವ ಬೇಕು ಅಂತ ಇಡ್ತಾಳಲ್ಲ, ಅದೇ ಇರ್ಬೇಕು." "ದಿನಾ ಇಡ್ತಾಳಾ?" "ನನಗೇನ್ ಗೊತ್ತು?"

"ಲೇ, ಬಂದು ತೋರಿಸಬಾರದಾ!" ಅಪ್ಪ ಬಾಗಿಲಿಗೆ ಬಂದು ನಿಂತ. ಅವನ ಮುಖದಲ್ಲಿ ನಿಜವಾದ ಗಾಬರಿ ಇತ್ತು. "ಮೊಟ್ಟೆ ತಣ್ಣಗಾಗ್ತಾ ಇದ್ದಾವೆ ಕಣೇ."

ಅಮ್ಮ ತಲೆಯೆತ್ತಿ ನೋಡಿದಳು. ಅಷ್ಟು ದಣಿವಿನಲ್ಲೂ ಅವಳಿಗೆ ನಗು ಬಂತು. "ಮಾರಿಬಿಡೋಣ ಅಂದ್ರಲ್ಲ, ಕೊಂಡವರಿಗೆ ಸ್ವಿಚ್ಚೆಲ್ಲಿದೆ ಅಂತ ಹೆಂಗೆ ಹೇಳ್ತಿದ್ರಿ?"

"ಯಾರು ಮಾರ್ತಾರೆ ಅದನ್ನ? ಆ ಮಾತು ಬಿಡು." ಅಪ್ಪ ಹಣೆ ಒರೆಸಿಕೊಂಡ. "ಎಲ್ಲಿದೆ ಹೇಳು."

"ಇನ್ನೂ ಹೊತ್ತಿದೆ, ಏನಾಗಲ್ಲ. ಬಗ್ಗಿ ನೋಡಿ. ನಾನು ದಿನಾ ಬಗ್ಗೋ ಕಡೆ."

ಅಪ್ಪ ಒಳಗೆ ಹೋದ. ಸೊಂಟ ನೋವಿನವನು ನರಳುತ್ತ ಮೊಣಕಾಲೂರಿದ್ದು ಮೆಟ್ಟಿಲಿಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ, ಪೆಟ್ಟಿಗೆಯ ಮುಂದಿನ ಕಾಲುಗಳ ನಡುವೆ, ಒರೆಸುವ ಬಟ್ಟೆ ನೇತುಹಾಕಿದ್ದ ಮೊಳೆಯ ಹಿಂದಿನಿಂದ ಟಕ್ ಎಂದಿತು. ಗುಂಯ್ ಎನ್ನುವ ಸದ್ದು ಮನೆಗೆ ಮರಳಿ ಬಂತು.

"ಮೂರೂವರೆ!" ನಡುಮನೆಯಿಂದ ತಾತ ಕೂಗಿದ. "ಏನಮ್ಮಾ, ಕೇಳಿಸ್ತಾ? ಈಗ ತೋರಿಸ್ತಾ ಇದೆ, ಮೂರೂವರೆ!"

"ಕೇಳಿಸ್ತು ಮಾವ," ಎಂದಳು ಅಮ್ಮ. ನೀರು ಚೆಲ್ಲಿದ್ದನ್ನು ಒರೆಸಲು ಅವಳು ಏಳಲಿಲ್ಲ. ತಟ್ಟೆಯಲ್ಲಿ ಇನ್ನೂ ನಾಲ್ಕು ತುತ್ತು ಉಳಿದಿತ್ತು, ಅನ್ನ ಇನ್ನೂ ಬಿಸಿಯಾಗಿತ್ತು.